ಹಿರಿಯರ ಡೇ ಕೇರ್: ತಿಂಗಳ ಬಿಲ್ಲೋ, ದಿನದ ಲೆಕ್ಕವೋ?

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಹಿರಿಯರ ಡೇ ಕೇರ್ ಶುರು ಮಾಡುತ್ತಿರುವ ಅಕ್ಕ ಕೇಳಿದ್ದರು: ತಿಂಗಳಿಗೆ ಒಂದೇ ಮೊತ್ತ ತಗೊಳ್ಳಲಾ, ಬಂದ ದಿನಕ್ಕಷ್ಟೇ ಬಿಲ್ ಹಾಕಲಾ?

ಅಜ್ಜ ಬರಲಿ ಬಿಡಲಿ, ಜಾಗದ ಬಾಡಿಗೆ, ನೋಡಿಕೊಳ್ಳುವ ಆಯಾಗಳ ಸಂಬಳ ಕೊಡಲೇಬೇಕು ಅಲ್ವಾ? ಅದಕ್ಕೆ ತಿಂಗಳ ಮುಂಗಡವೇ ಧೈರ್ಯ. ಆದರೆ ಜುಲೈ ಮಳೆಯಲ್ಲಿ ನಾಲ್ಕು ದಿನ ತಪ್ಪಿದರೆ ಮನೆಯವರು ದುಡ್ಡು ವಾಪಸ್ ಕೇಳುತ್ತಾರೆ. ಎಷ್ಟು ರಜೆಗೆ ಎಷ್ಟು ಕಡಿತ ಅಂತ ಮೊದಲೇ ಬರೆದುಕೊಡಿ.

ದಿನದ ಲೆಕ್ಕದಲ್ಲಿ ಆ ಜಗಳ ಇಲ್ಲ. ಬಿಲ್ ಕೆಲಸ ಜಾಸ್ತಿ, ಹಾಜರಿ ಪುಸ್ತಕವೂ ಪಕ್ಕಾ ಇರಬೇಕು: ಬಿಟ್ಟವರ ಸಹಿ, ಕರೆದೊಯ್ದವರ ಸಹಿ, ಸಮಯ. ವಾರಕ್ಕೆರಡು ದಿನ ಬರುವವರಿಗೆ ಇದೇ ನ್ಯಾಯ.

ತಿಂಗಳ ಬಿಲ್ ಆಗಲಿ, ದಿನದ ಬಿಲ್ ಆಗಲಿ, ಡಯಾಪರ್, ಫಿಸಿಯೋಥೆರಪಿ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ.

ಗಂಟೆ ಲೆಕ್ಕ? ಸಂಜೆ ಕರೆದೊಯ್ಯಲು ತಡವಾದರೆ ಮಾತ್ರ. ಅದರಲ್ಲೂ ಅರ್ಧ ಗಂಟೆ ಬಿಟ್ಟುಬಿಡಿ. ನಮ್ಮ ಲೋಕಲ್ ಟ್ರೇನ್ ಗೊತ್ತಲ್ಲ!