ಚಳಿಗಾಲದ ಮರುಭೂಮಿಗೆ ಮೋಟಾರ್‌ಹೋಮೋ, ಟೆಂಟೋ?

ಮರುಭೂಮಿಯ ಚಳಿಗಾಲದಲ್ಲಿ ಕಷ್ಟ ಕೊಡುವುದು ಹಗಲಲ್ಲ, ರಾತ್ರಿ. ಒಣ ಗಾಳಿ, ಮೋಡವಿಲ್ಲದ ಆಕಾಶ. ಬೆಳಗಿನ ಜಾವಕ್ಕೆ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಬಹುದು. ಕತ್ತಲೂ ದೀರ್ಘ. ಆ ಹೊತ್ತನ್ನು ಬೆಚ್ಚಗೆ ಕೂತು ಕಳೆಯಲು, ಒಳಗೇ ಮಲಗಿ ಅಡುಗೆ ಮಾಡಬಹುದಾದ ಗಾಡಿಯಾದ ಮೋಟಾರ್‌ಹೋಮ್‌ಗೆ ಸಾಟಿಯಿಲ್ಲ. ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ.

ಆದರೆ ಅದರ ಹೀಟರ್ ಗ್ಯಾಸಿನಲ್ಲಿ ಉರಿದರೂ ಫ್ಯಾನ್ ತಿರುಗುವುದು 12 ವೋಲ್ಟ್ ಬ್ಯಾಟರಿಯಿಂದ. ಚಳಿಗೆ ಲೆಡ್-ಆಸಿಡ್ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಗ್ಯಾಸ್ ಇದ್ದೂ ನಡುರಾತ್ರಿ ಹೀಟರ್ ನಿಂತರೆ ಮೊದಲು ಅದನ್ನೇ ನೋಡಿ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಸೆಲ್‌ಗಳು ಶಾಶ್ವತವಾಗಿ ಹಾಳಾಗುತ್ತವೆ. ಸಿಲಿಂಡರಿನಲ್ಲಿ ಪ್ರೊಪೇನ್ ಇರಲಿ. ಬ್ಯೂಟೇನ್ ಸೊನ್ನೆಯ ಹತ್ತಿರ ಸರಿಯಾಗಿ ಆವಿಯಾಗದು. ಗಾಡಿಯಡಿ ತೆರೆದಿರುವ ನೀರಿನ ಪೈಪುಗಳನ್ನು ಮಲಗುವ ಮುನ್ನ ಖಾಲಿ ಮಾಡಿ.

ಸಡಿಲ ಮರಳಿಗೆ ಮಾತ್ರ ಈ ಭಾರದ ಗಾಡಿ ಇಳಿಸಬೇಡಿ. ಅಲ್ಲಿ ಫೋರ್-ವೀಲ್ ಡ್ರೈವ್ ಗಾಡಿ, ಜೊತೆಗೆ ಟೆಂಟ್, ಇದೊಂದೇ ದಾರಿ.

ಟೆಂಟಿನಲ್ಲಿ ಚಳಿ ಏರುವುದು ನೆಲದಿಂದ. ಮ್ಯಾಟ್‌ನ ಆರ್-ವ್ಯಾಲ್ಯೂ (ನೆಲದ ಚಳಿ ತಡೆಯುವ ಶಕ್ತಿಯ ಅಂಕಿ) 4ಕ್ಕಿಂತ ಹೆಚ್ಚಿರಲಿ. ಸ್ಲೀಪಿಂಗ್ ಬ್ಯಾಗಿನಲ್ಲಿ ‘ಕಂಫರ್ಟ್’ (ಹಾಯಾಗಿ ನಿದ್ರಿಸಬಹುದಾದ ಉಷ್ಣಾಂಶ) ಅಂಕಿ ನೋಡಿ, ‘ಲಿಮಿಟ್’ (ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಉಷ್ಣಾಂಶ) ನಂಬಬೇಡಿ. ಒಳಟೆಂಟ್ ಪೂರ್ತಿ ಜಾಲರಿಯದಾದರೆ ನುಣುಪು ಧೂಳು ನಿಲ್ಲದೆ ಸುರಿಯುತ್ತದೆ. ಮಾಮೂಲಿ ಗೂಟ ಮರಳಿನಲ್ಲಿ ನಿಲ್ಲದು: ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಒಂದಡಿ ಆಳದಲ್ಲಿ ಹೂತು, ಮೇಲೆ ತುಳಿದು ಗಟ್ಟಿ ಮಾಡಿ. ಎಷ್ಟೇ ಚಳಿಯಿದ್ದರೂ ಟೆಂಟಿನೊಳಗೆ ಸ್ಟವ್ ಹಚ್ಚಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಒಣಗಿದ ಹಳ್ಳದ ಪಾತ್ರದಲ್ಲಿ ಗಾಡಿ, ಟೆಂಟ್ ಎರಡನ್ನೂ ನಿಲ್ಲಿಸಬೇಡಿ, ದೂರದ ಮಳೆಯ ನೀರೂ ಅಲ್ಲಿಗೇ ನುಗ್ಗುತ್ತದೆ.