ಆಟಗಾರನ ಸಹಿ ಇರುವ ನಾಣ್ಯ: ದುಡ್ಡು ಕೊಡುವ ಮೊದಲು ಇದನ್ನು ಓದಿ

2014ರಲ್ಲಿ ಒಂದು ಬೆಳ್ಳಿ ಡಾಲರ್ ನಾಣ್ಯಕ್ಕೆ ನಾನು 289 ಡಾಲರ್ ಕೊಟ್ಟೆ. 2019ರಲ್ಲಿ ಮಾರಲು ಹೋದಾಗ ಅಂಗಡಿಯವರು ಹೇಳಿದ ಬೆಲೆ 40 ಡಾಲರ್. ನಾಣ್ಯ ಅಸಲಿ. ಸಹಿಯೂ ಅಸಲಿ. ಯಾರ ಮೇಲೂ ದೂರು ಕೊಡುವ ಹಾಗಿಲ್ಲ. ಇನ್ನೊಬ್ಬರು ಹೀಗೆ ಕಳೆದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಬೇಸ್‌ಬಾಲ್ ಹುಚ್ಚು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಪುಟ್ಟ ಊರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇದೆ, ಆ ಆಟದ ದಿಗ್ಗಜರನ್ನು ಆರಿಸಿ ಗೌರವಿಸುವ ಮ್ಯೂಸಿಯಂ. 1939ರಲ್ಲಿ ಬಾಗಿಲು ತೆರೆದದ್ದು. ಅದಕ್ಕೆ 75 ವರ್ಷ ತುಂಬಿದ ನೆನಪಿಗೆ ಅಮೆರಿಕದ ಟಂಕಸಾಲೆ 2014ರಲ್ಲಿ ಮೂರು ನಾಣ್ಯ ಹೊರತಂದಿತು. 5 ಡಾಲರಿನ ಚಿನ್ನದ್ದು, 1 ಡಾಲರಿನ ಬೆಳ್ಳಿಯದ್ದು, ಇನ್ನೊಂದು ಅರ್ಧ ಡಾಲರಿನದ್ದು. ಆ ಟಂಕಸಾಲೆ ಬಾಗಿದ ನಾಣ್ಯ ಹೊಡೆದದ್ದು ಅದೇ ಮೊದಲು. ಒಂದು ಬದಿಯಲ್ಲಿ ಗ್ಲೌಸ್, ಅಂಗೈಯ ಹಾಗೆ ಒಳಕ್ಕೆ ತಗ್ಗು. ಇನ್ನೊಂದು ಬದಿಯಲ್ಲಿ ಚೆಂಡು, ಹೊಲಿಗೆ ಸಮೇತ ಹೊರಕ್ಕೆ ಉಬ್ಬು. ತುಂಬಾ ಚೆಂದದ ನಾಣ್ಯ. ಆ ಮಾತನ್ನು ಇವತ್ತಿಗೂ ಹೇಳುತ್ತೇನೆ.

ಒಂದು ರಾತ್ರಿ ಟಿವಿಯಲ್ಲಿ ಅದನ್ನೇ ಮಾರುತ್ತಿದ್ದರು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿತ್ತು, ಗ್ರೇಡ್ 70, ಅಂದರೆ ನಾಣ್ಯದ ಸ್ಥಿತಿಗೆ ಕೊಡುವ ಪೂರ್ತಿ ಅಂಕ. ಹಾಲ್ ಆಫ್ ಫೇಮ್ ಆಟಗಾರನೇ ಕೈಯಾರೆ ಸಹಿ ಹಾಕಿದ್ದು ಅಂದರು. ಕೆಲವೇ ಉಳಿದಿವೆ ಅಂದರು. ಐದು ಕಂತಿನಲ್ಲಿ ಕೊಟ್ಟರೆ ಸಾಕು ಅಂದರು. ಮಗ ಪಕ್ಕದಲ್ಲೇ ಕೂತಿದ್ದ. ಫೋನ್ ಮಾಡಿದೆ.

ಐದು ವರ್ಷ ಆದಮೇಲೆ ಬೇರೆ ಖರ್ಚು ಬಂತು, ಮಾರೋಣ ಅಂತ ನಾಣ್ಯದ ಅಂಗಡಿಗೆ ಹೋದೆ. ವಯಸ್ಸಾದ ಅಂಗಡಿಯವರು ಡಬ್ಬಿಯನ್ನು ದೀಪದ ಕೆಳಗೆ ಹಿಡಿದು, ಬೆರಳಲ್ಲಿ ತೋರಿಸಿದರು. ಮೇಲುಗಡೆ ಒಂದು ಉದ್ದನೆಯ ಕಾಗದದ ಚೀಟಿ. ಸಹಿ ಇದ್ದದ್ದು ಅದರ ಮೇಲೆ. ನಾಣ್ಯ ಅದರ ಕೆಳಗೆ, ಬೇರೆ ಗುಂಡಿಯಲ್ಲಿ. "ಇಂಥ ಚೀಟಿಗಳಿಗೆ ಮೊದಲೇ ರಾಶಿಗಟ್ಟಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ನಾಣ್ಯದ ಜೊತೆ ಸೀಲ್ ಮಾಡುತ್ತಾರೆ. ಆ ಆಟಗಾರ ನಿಮ್ಮ ನಾಣ್ಯ ಮುಟ್ಟೇ ಇಲ್ಲ" ಅಂದರು. ಐದು ವರ್ಷ ಕಣ್ಣೆದುರೇ ಇಟ್ಟುಕೊಂಡಿದ್ದೆ. ಅದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ಅವರು ಲೆಕ್ಕ ಬಿಡಿಸಿದರು. ನಾಣ್ಯದ ತೂಕ 26.73 ಗ್ರಾಂ, ಅದರಲ್ಲಿ ಶೇ. 90 ಬೆಳ್ಳಿ. ಆಗಿನ ದರದಲ್ಲಿ ಬೆಳ್ಳಿಯ ಬೆಲೆ ಹತ್ತಿರ ಹತ್ತಿರ 12 ಡಾಲರ್. ಈ ಬೆಳ್ಳಿ ಡಾಲರಿಗೆ ಟಂಕಸಾಲೆ ಇಟ್ಟ ಮಿತಿಯೇ 4 ಲಕ್ಷ. ಅಂದಮೇಲೆ ಅಪರೂಪದ್ದಲ್ಲ. ಇನ್ನು 70 ಅನ್ನೋ ಗ್ರೇಡ್. ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುತ್ತವೆ. ನೂರು ವರ್ಷ ಹಳೆಯ ನಾಣ್ಯಕ್ಕೆ 66 ಬಂದರೂ ಸಂಗ್ರಹಕಾರರು ಕುಣಿದಾಡುತ್ತಾರೆ. ಆದರೆ ಈಗಿನ ನಾಣ್ಯ ಟಂಕಸಾಲೆಯಿಂದ ನೇರ ಪೆಟ್ಟಿಗೆಗೆ ಬರುತ್ತದೆ. 69, 70 ಬರುವುದು ಮಾಮೂಲು.

ಹಾಗಾದರೆ ಸಹಿಗೆ ಬೆಲೆಯೇ ಇಲ್ವಾ? ಇದೆ, ಆದರೆ ಅದರ ಸಂತೆಯೇ ಬೇರೆ. ಸಹಿ ಸೇರಿಸುವವರಿಗೆ ಚೆಂಡು ಬೇಕು, ಬ್ಯಾಟ್ ಬೇಕು, ಫೋಟೋ ಬೇಕು, ಕಾರ್ಡ್ ಬೇಕು. ಪ್ಲಾಸ್ಟಿಕ್ಕಿನೊಳಗೆ ಬೆರಳಗಲದ ಚೀಟಿ ಅವರಿಗೆ ಬೇಡ. ನಾಣ್ಯ ಸೇರಿಸುವವರಿಗೆ ನಾಣ್ಯ ಬೇಕು, ಚೀಟಿ ಬೇಡ. ಮಾರುವವರು ಎರಡೂ ಬೆಲೆ ಕೂಡಿಸಿ ನಮ್ಮಿಂದ ವಸೂಲಿ ಮಾಡುತ್ತಾರೆ. ನಾವು ಮಾರಲು ಹೋದಾಗ ಕೂಡಿಸಿ ಕೊಡುವವರು ಸಿಗುವುದಿಲ್ಲ. ನಾನು ಸಹಿಯ ಅಂಗಡಿಗೂ ಹೋಗಿ ಕೇಳಿದೆ. ಅದೇ ಆಟಗಾರನ ಸಹಿ ಇರುವ ಚೆಂಡು ಅಲ್ಲಿ 60 ಡಾಲರಿಗೆ ಮಾರಾಟಕ್ಕಿತ್ತು. ನನ್ನ ಡಬ್ಬಿಯನ್ನು ಅವರು ಕೈಗೂ ತೆಗೆದುಕೊಳ್ಳಲಿಲ್ಲ.

ಸಹಿ ಹಾಕಿದವರು ತುಂಬಾ ಕಡಿಮೆ ಚೀಟಿಗೆ ಹಾಕಿದ್ದರೆ, ಈಗ ಅವರು ಬದುಕಿಲ್ಲದಿದ್ದರೆ, ಸ್ವಲ್ಪ ಜಾಸ್ತಿ ಸಿಗಬಹುದು. ಅದನ್ನೂ ಕಣ್ಣಾರೆ ನೋಡಿಯೇ ನಂಬಿ. ಹಳೆ ಸಾಮಾನು ಕೊಂಡು ಮಾರುವ ಈಬೇ ಜಾಲತಾಣದಲ್ಲಿ ಜನ ಕೇಳುತ್ತಿರುವ ಬೆಲೆ ನೋಡಬೇಡಿ. ಮಾರಾಟ ಆದ ಬೆಲೆಯನ್ನು ಬೇರೆಯಾಗಿ ತೋರಿಸುತ್ತದೆ, ಅದನ್ನು ನೋಡಿ. ಸಹಿ ಇಲ್ಲದ ಅದೇ ನಾಣ್ಯ, ಅದೇ ಗ್ರೇಡ್ ಎಷ್ಟಕ್ಕೆ ಹೋಗಿದೆ ಅಂತ ಪಕ್ಕದಲ್ಲಿ ಇಟ್ಟು ಹೋಲಿಸಿ. ನಾನು ಫೋನ್ ಎತ್ತುವ ಮೊದಲು ಈ ಹತ್ತು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು. ಡಬ್ಬಿಯಿಂದ ಹೊರಗಿರುವ ಸಹಿಯಾದರೆ ಇನ್ನೂ ಹುಷಾರು. 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಒಂದು ತನಿಖೆ ನಡೆಸಿ, ಆಟಗಾರರ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿದಿತ್ತು. ಆ ನಕಲಿಗಳ ಜೊತೆಗೂ ಚೆಂದದ ಪ್ರಮಾಣಪತ್ರ ಇರುತ್ತಿತ್ತು.

ನಾಣ್ಯದ ಮೇಲೇ ಸಹಿ ಹಾಕಿಸೋಣ ಅನ್ನಿಸಿದರೆ, ದಯವಿಟ್ಟು ಬೇಡ. ಮಗ ಅದನ್ನೂ ಮಾಡಿದ. ಮೈನರ್ ಲೀಗ್ (ಕೆಳಹಂತದ ವೃತ್ತಿಪರ ಬೇಸ್‌ಬಾಲ್) ಪಂದ್ಯ ಮುಗಿದಮೇಲೆ ಅರ್ಧ ಡಾಲರ್ ನಾಣ್ಯ ಚಾಚಿದ, ಆಟಗಾರ ಮಾರ್ಕರಿನಲ್ಲಿ ಗೀಚಿದ. ಲೋಹ ಶಾಯಿ ಹೀರುತ್ತದೆಯೇ? ಕಾರು ಹತ್ತುವಷ್ಟರಲ್ಲಿ ಅರ್ಧ ಸಹಿ ಮಗನ ಹೆಬ್ಬೆರಳಿಗೆ ಅಂಟಿತ್ತು. ಮನೆಗೆ ಬಂದು ಉಳಿದದ್ದನ್ನು ಬಟ್ಟೆಯಲ್ಲಿ ಉಜ್ಜಿದ. ಶಾಯಿ ಹೋಯಿತು, ಕನ್ನಡಿಯಂಥ ಮೈಮೇಲೆ ಕೂದಲೆಳೆಯಂಥ ಗೀರು ಉಳಿದವು. ಅಂಥ ನಾಣ್ಯಕ್ಕೆ ಗ್ರೇಡಿನ ಅಂಕ ಕೊಡುವುದಿಲ್ಲ, ಹಾನಿಯಾಗಿದೆ ಅಂತ ಬರೆದು ಕಳಿಸುತ್ತಾರೆ. ಊರಲ್ಲಿ ಅಪ್ಪನ ಡಬ್ಬದಲ್ಲಿದ್ದ ಮೈಸೂರಿನ ಆನೆ ಕಾಸುಗಳನ್ನು ಅತ್ತೆ ಒಂದು ಹಬ್ಬದ ದಿನ ಹುಣಸೆಹಣ್ಣು ಹಾಕಿ ಫಳಫಳ ತೊಳೆದಿಟ್ಟಿದ್ದರು. ಅಪ್ಪ ಆ ದಿನ ಊಟ ಮಾಡಲಿಲ್ಲ. ಯಾಕೆ ಅಂತ ಆಗ ನನಗೆ ಅರ್ಥ ಆಗಿರಲಿಲ್ಲ.

ನಾನು ಆ ಡಬ್ಬಿಯನ್ನು 40 ಡಾಲರಿಗೆ ಮಾರಲಿಲ್ಲ, ಮನೆಯಲ್ಲೇ ಇದೆ. ಒಡೆದು ನಾಣ್ಯ ತೆಗೆದರೆ ಗ್ರೇಡೂ ಹೋಗುತ್ತದೆ, ಸಹಿಯ ಚೀಟಿಯೂ ಸುಮ್ನೆ ಕಾಗದ ಆಗುತ್ತದೆ. ಒಡೆಯದಿದ್ದರೆ ಆ ಚೆಂಡಿನ ಉಬ್ಬು ಕೈಗೆ ಸಿಗುವುದೇ ಇಲ್ಲ.

ನೀವು ಈಗಾಗಲೇ ಇಂಥದ್ದು ತರಿಸಿದ್ದರೆ ಮೊದಲು ರಸೀದಿ ಹುಡುಕಿ, ಹಿಂಬದಿ ಓದಿ. ನನ್ನದರಲ್ಲಿ ವಾಪಸ್ ಕಳಿಸಲು 30 ದಿನ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಿಮ್ಮದರಲ್ಲಿ ಇನ್ನೂ ದಿನ ಉಳಿದಿರಬಹುದು.