ಮರಲ್ ಮೀನು ಹಿಡಿಯೋರಿಗೆ 4000 ಸೈಜಿನ ರೀಲ್, ಒಂದೆರಡು ರಬ್ಬರ್ ಕಪ್ಪಿ (ಫ್ರಾಗ್) ಸಾಕ್ರಿ

ಹಾವೇರಿ ಕಡೆ ವರದಾ, ತುಂಗಭದ್ರಾ ದಂಡಿಗೆ, ಹಂಗ ಸುತ್ತಲ ಕೆರಿಗೋಳಿಗೆ ಗಾಳ ಹಾಕಾಕ ಹೋಗೋರು ಲೈನ್ (ಗಾಳದ ದಾರ) ಸುತ್ತೋ ರೀಲ್ ಯಾವ್ದು ತಗೊಳ್ಳಿ ಅಂತ ಕೇಳ್ತಿರ್ತಾರ, ಅದಕ್ಕ ಬರ್ಯಾಕತ್ತೀನಿ. ನಾ ವಾಪರಸೋದು ಶಿಮಾನೊ ಸಿಯೆನ್ನಾ 4000, ಭಾಳ ಛಲೋ ಐತ್ರಿ. ಇದಕ್ಕೂ ಮೊದಲು ಒಂದು ಅಗ್ಗದ ರೀಲ್ ಇತ್ತು, ಮೀನು ಎಳದಾಗ ಅದರ ಡ್ರ್ಯಾಗ್ (ಲೈನ್ ತಡದು ತಡದು ಬಿಡೋ ಬ್ರೇಕ್) ಒಮ್ಮೆ ಗಟ್ಟಿ ಹಿಡಿಯೋದು ಒಮ್ಮೆಲೇ ಬಿಡೋದು, ದೊಡ್ಡ ಮೀನಾದ್ರ ಲೈನ್ ಪಟ್ಟಂತ ಹರೀತಿತ್ತು. ಇದರಾಗ ಲೈನ್ ಒಂದೇ ಸಮ ಸರೀತೈತಿ.

ಅಂಗಡಿಯಾಗ ಡಬ್ಬಿ ಮ್ಯಾಲೆ ಬೇರಿಂಗ್ ಎಷ್ಟು ಅಂತ ಬರದಿದ್ದು ನೋಡಿ ಮರುಳಾಗಬ್ಯಾಡ್ರಿ. ರೀಲ್‌ಗೆ ಲೈನ್ ಸುತ್ತೋ ಬೇಲ್ ತಂತಿ ತುದಿಗೆ ಲೈನ್ ರೋಲರ್ ಅಂತ ಸಣ್ಣ ಗಾಲಿ ಇರತೈತಿ, ಅದನ್ನ ಉಗುರಿಂದ ತಿರುಗಿಸಿ ನೋಡ್ರಿ, ಅದು ಬಿಗಿ ಇದ್ರ ಲೈನ್ ಹುರಿ ಬಿದ್ದು ಗಂಟಾಗಿ ತಲಿ ಕೆಡಸತೈತಿ. ಕಡ್ಡಿ ಕಸ ಇರೋ ಕೆರಿಗೆ 30 ಎಲ್‌ಬಿ (ಪೌಂಡ್) ಭಾರ ತಡಿಯೋ ಬ್ರೇಡ್, ಅಂದ್ರ ಹೆಣೆದ ಲೈನ್ ಹಾಕ್ರಿ.

ಇನ್ನ ಲೂರ್, ಅಂದ್ರ ಮೀನಿಗೆ ಆಸೆ ಹಚ್ಚೋ ನಕಲಿ ತಿನಿಸು. ಮರಲ್‌ಗೆ ರಬ್ಬರ್ ಫ್ರಾಗ್‌ನಂಥದು ಇನ್ನೊಂದಿಲ್ಲ. ಒಳಗ ಟೊಳ್ಳು, ಎರಡೂ ಗಾಳದ ಮೊನಿ ಬೆನ್ನಿಗೆ ಅಂಟ್ಕೊಂಡಿರ್ತಾವ, ಹಿಂಗಾಗಿ ತಾವರಿ ಎಲಿ ಮ್ಯಾಲೆ ಎಳದ್ರೂ ಸಿಗೆ ಬೀಳಂಗಿಲ್ಲ, ಮೀನು ಕಚ್ಚಿ ಅಮುಕಿದಾಗಷ್ಟ ಮೊನಿ ಹೊರಗ ಬರತಾವ. ಕೊಳ್ಳುವಾಗ ಬೆರಳಿಂದ ಒತ್ತಿ ನೋಡ್ರಿ, ಗಟ್ಟಿ ರಬ್ಬರ್ ಇದ್ರ ವಾಪಸ್ ಇಡ್ರಿ. ಮೀನು ಫ್ರಾಗ್‌ಗೆ ಹೊಡದು ನೀರು ಚಿಮ್ಮಿದ ಕೂಡ್ಲೇ ರಾಡ್ (ಗಾಳದ ಕೋಲು) ಎತ್ತಬ್ಯಾಡ್ರಿ, ಲೈನ್ ಬಿಗಿ ಆಗೋ ತನಕ ತಡೀರಿ. ನದಿಯಾಗ ಬಾಳೆ ಮೀನಿಗೆ ಸ್ಪೂನ್ (ಚಮಚದಂಥ ಲೋಹದ ಲೂರ್) ನಡೀತೈತಿ.

ರೋಹು, ಕಾಟ್ಲಾ ಸಲುವಾಗಿ ಬಣ್ಣಬಣ್ಣದ ಲೂರ್ ಡಬ್ಬಿ ತಗೊಂಡು ರೊಕ್ಕ ಹಾಳ ಮಾಡಬ್ಯಾಡ್ರಿ, ಅವು ಸಣ್ಣ ಮೀನು ಬೆನ್ನಟ್ಟಿ ತಿನ್ನೋ ಜಾತಿ ಅಲ್ಲ, ಅವಕ್ಕ ಶೇಂಗಾ ಹಿಂಡಿ, ಗೋದಿ ಹಿಟ್ಟಿನ ಉಂಡಿನ ಸರಿ, ರೀಲ್ ಮಾತ್ರ ಇದ ಸಾಕು. ಜಿಲೇಬಿ ಮೀನಿಗೆ ಎರೆಹುಳ ಸಾಕು.

ಮಳಿಗಾಲದಾಗ ನೀರ ಮ್ಯಾಲೆ ಕೆಂಪಗ ಮರಿಗೋಳ ಗುಂಪು ಕಂಡ್ರ ಅಲ್ಲಿ ಫ್ರಾಗ್ ಒಗೀಬ್ಯಾಡ್ರಿ, ಕೆಳಗ ಅವನ್ನ ಕಾಯೋ ಮರಲ್ ಇರತೈತಿ, ಅದನ್ನ ಹಿಡದ್ರ ಮರಿ ಅಷ್ಟೂ ಬ್ಯಾರೆ ಮೀನಿನ ಬಾಯಿಗೆ ಹೋಗತಾವ. ಕೆರಿ ಗುತ್ತಿಗಿ ಹಿಡದೋರನ್ನ ಕೇಳಿನ ಗಾಳ ಹಾಕ್ರಿ.